ಬಳಸದ ಕ್ರೆಡಿಟ್ ಕಾರ್ಡ್: ಉಳಿಸಿಕೊಳ್ಳುವುದೇ, ರದ್ದುಪಡಿಸುವುದೇ?

ಹಲವು ವರ್ಷಗಳ ಹಿಂದೆ, ಕಚೇರಿಯ ಬಾಗಿಲ ಬಳಿ ಮೇಜು ಹಾಕಿಕೊಂಡು ಕುಳಿತಿದ್ದ ಬ್ಯಾಂಕಿನವರ ಒತ್ತಾಯಕ್ಕೆ ಮಣಿದು ಪಡೆದಿದ್ದ ಕಾರ್ಡೊಂದನ್ನು, ಇನ್ನು ಬೇಡವೆನಿಸಿದ ದಿನ ಕತ್ತರಿಯಿಂದ ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದೆ. ಕಾರ್ಡ್ ತುಂಡಾದರೂ ಖಾತೆ ಹಾಗೆಯೇ ಇತ್ತು. ಮೊಬೈಲ್ ಸಂಖ್ಯೆ ಬದಲಾಗಿದ್ದರಿಂದ ಎಚ್ಚರಿಕೆಯ ಸಂದೇಶಗಳು ನನಗೆ ತಲುಪಲಿಲ್ಲ. ವಾರ್ಷಿಕ ಶುಲ್ಕ, ಅದರ ಮೇಲೆ ವಿಳಂಬ ಶುಲ್ಕ, ಬಡ್ಡಿ ಎಲ್ಲವೂ ಸೇರಿ ಬಾಕಿಯಾಗಿ ಬೆಳೆದದ್ದು ಮನೆ ಸಾಲಕ್ಕೆ ಅರ್ಜಿ ಹಾಕಿದಾಗಲೇ ತಿಳಿಯಿತು. ಆದ್ದರಿಂದ ಬಳಸದ ಕಾರ್ಡನ್ನು ಮರೆತು ಬೀರುವಿನಲ್ಲಿ ಇಡಬೇಡಿ. ಉಳಿಸಿಕೊಳ್ಳುವುದಾದರೆ ತಿಳಿದು ಉಳಿಸಿಕೊಳ್ಳಿ, ಬೇಡವಾದರೆ ಕ್ರಮಬದ್ಧವಾಗಿ ಮುಚ್ಚಿಸಿ.

ಮೊದಲು ನೋಡಬೇಕಾದದ್ದು ವಾರ್ಷಿಕ ಶುಲ್ಕವನ್ನು. 500 ರೂಪಾಯಿ ಶುಲ್ಕವಿದ್ದರೆ ಶೇ. 18ರ ಜಿಎಸ್‌ಟಿ ಸೇರಿ 590 ರೂಪಾಯಿಯಾಗುತ್ತದೆ. ವರ್ಷಕ್ಕೆ ಇಂತಿಷ್ಟು ಖರ್ಚು ಮಾಡಿದರೆ ಶುಲ್ಕ ಮನ್ನಾ ಎಂಬ ಷರತ್ತಿದ್ದರೆ, ಆ ಮನ್ನಾಕ್ಕಾಗಿ ಅಗತ್ಯವಿಲ್ಲದ ವಸ್ತು ಕೊಳ್ಳುವುದು ಖಂಡಿತ ಲಾಭವಲ್ಲ. ಮುಚ್ಚಿಸುವ ಮುನ್ನ ಗ್ರಾಹಕ ಸೇವೆಗೆ ಕರೆ ಮಾಡಿ, ಶುಲ್ಕವಿಲ್ಲದ ಕಾರ್ಡಿಗೆ ಬದಲಿಸಿಕೊಡುವಿರಾ ಎಂದು ಕೇಳಿ ನೋಡಿ, ಕೆಲವೊಮ್ಮೆ ಒಪ್ಪುವುದುಂಟು.

ಎರಡನೆಯದು ಕ್ರೆಡಿಟ್ ಸ್ಕೋರ್, ಅಂದರೆ ಸಾಲ ಕೊಡುವವರು ನೋಡುವ, ನಿಮ್ಮ ಸಾಲ ಮರುಪಾವತಿಯ ವಿಶ್ವಾಸಾರ್ಹತೆ ಸೂಚಿಸುವ ಅಂಕ. ನಿಮ್ಮ ಎಲ್ಲ ಕಾರ್ಡುಗಳ ಒಟ್ಟು ಖರ್ಚಿನ ಮಿತಿಯಲ್ಲಿ ಎಷ್ಟು ಭಾಗ ಬಳಸಿದ್ದೀರಿ ಎಂಬುದು ಸ್ಕೋರಿನ ಮೇಲೆ ಪರಿಣಾಮ ಬೀರುತ್ತದೆ. ದಿನನಿತ್ಯ ಬಳಸುವ ಕಾರ್ಡಿನ ಮಿತಿ ಒಂದು ಲಕ್ಷ, ಬಳಸದ ಕಾರ್ಡಿನದೂ ಒಂದು ಲಕ್ಷ, ತಿಂಗಳ ಖರ್ಚು 40,000 ರೂಪಾಯಿ ಎಂದಿಟ್ಟುಕೊಳ್ಳಿ. ಈಗ ಬಳಕೆ ಶೇ. 20, ಎರಡನೆಯ ಕಾರ್ಡನ್ನು ಮುಚ್ಚಿದ ಕೂಡಲೇ ಅದು ಶೇ. 40 ಆಗುತ್ತದೆ. ಶೇ. 30ರೊಳಗೆ ಇರಲಿ ಎಂಬುದು ಸಾಮಾನ್ಯ ಸಲಹೆ. ಹಾಗಾಗಿ ಮುಂದಿನ ಕೆಲವು ತಿಂಗಳಲ್ಲಿ ಗೃಹಸಾಲಕ್ಕೋ ವಾಹನ ಸಾಲಕ್ಕೋ ಅರ್ಜಿ ಹಾಕುವವರು, ಶುಲ್ಕವಿಲ್ಲದ ಹಳೆಯ ಕಾರ್ಡನ್ನು ಅಲ್ಲಿಯವರೆಗೆ ಮುಚ್ಚದಿರುವುದು ಒಳ್ಳೆಯದು. ಆದರೆ ಕೈಯಲ್ಲಿ ಕಾರ್ಡಿದ್ದರೆ ಖರ್ಚು ಹತೋಟಿಗೆ ಬಾರದೆ ಬಡ್ಡಿ ಕಟ್ಟುವ ಸ್ಥಿತಿ ನಿಮ್ಮದಾಗಿದ್ದರೆ, ಸ್ಕೋರಿನ ಲೆಕ್ಕ ಬದಿಗಿಟ್ಟು ಮುಚ್ಚಿಸಿಬಿಡಿ. ಅಂಥವರಿಗೆ ನನ್ನ ಸಲಹೆ ಇದೊಂದೇ.

ಉಳಿಸಿಕೊಂಡ ಕಾರ್ಡಿನಿಂದ ಮೂರು ತಿಂಗಳಿಗೊಮ್ಮೆಯಾದರೂ ವಿದ್ಯುತ್ ಬಿಲ್ಲನ್ನೋ ಮೊಬೈಲ್ ರೀಚಾರ್ಜನ್ನೋ ಪಾವತಿಸಿ. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ, ಒಂದು ವರ್ಷಕ್ಕೂ ಹೆಚ್ಚು ಕಾಲ ಬಳಸದ ಕಾರ್ಡಿನ ಬಗ್ಗೆ ಬ್ಯಾಂಕು ನಿಮಗೆ ತಿಳಿಸಿ, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ತಾನೇ ಮುಚ್ಚಬಹುದು. ಆ್ಯಪ್‌ನಲ್ಲಿ ವಿದೇಶಿ ವಹಿವಾಟನ್ನು ಆಫ್ ಮಾಡಿಡಿ, ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಸರಿಯಾಗಿವೆಯೇ ನೋಡಿಕೊಳ್ಳಿ.

ಮುಚ್ಚಿಸುವುದೆಂದು ನಿರ್ಧರಿಸಿದರೆ, ಇಎಂಐ ಸಹಿತ ಎಲ್ಲ ಬಾಕಿಯನ್ನು ತೀರಿಸಿ, ಉಳಿದಿರುವ ರಿವಾರ್ಡ್ ಪಾಯಿಂಟ್‌ಗಳನ್ನು ಬಳಸಿ, ವಿಮೆ ಕಂತು, ಒಟಿಟಿ ಚಂದಾ ಮುಂತಾಗಿ ಈ ಕಾರ್ಡಿನಿಂದ ತಾನಾಗಿಯೇ ಕಡಿತವಾಗುವ ಪಾವತಿಗಳನ್ನು ಬೇರೆ ಕಾರ್ಡಿಗೆ ವರ್ಗಾಯಿಸಿ. ಬಳಿಕ ಆ್ಯಪ್, ಸಹಾಯವಾಣಿ ಅಥವಾ ಇಮೇಲ್ ಮೂಲಕ ಕೋರಿಕೆ ಸಲ್ಲಿಸಿ. ಲಿಖಿತ ದಾಖಲೆ ಉಳಿಯುವುದರಿಂದ ನಾನು ಇಮೇಲನ್ನೇ ಮೆಚ್ಚುತ್ತೇನೆ. ಅಂಚೆಯಲ್ಲೇ ಪತ್ರ ಕಳುಹಿಸಿ ಎಂದು ಬ್ಯಾಂಕು ಒತ್ತಾಯಿಸುವಂತಿಲ್ಲ. ಬಾಕಿಯಿಲ್ಲದ ಖಾತೆಯನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ಪ್ರತಿ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕು ನಿಮಗೆ ದಂಡ ತೆರಬೇಕು. ಮುಚ್ಚಿದ್ದಕ್ಕೆ ಬಂದ ದೃಢೀಕರಣವನ್ನು ಜೋಪಾನವಾಗಿಟ್ಟು, ಅನಂತರವಷ್ಟೇ ಚಿಪ್ ಮೇಲೆ ಹಾಯುವಂತೆ ಕಾರ್ಡನ್ನು ಕತ್ತರಿಸಿ.

ಒಂದೆರಡು ತಿಂಗಳ ನಂತರ ಕ್ರೆಡಿಟ್ ವರದಿಯನ್ನು ತೆಗೆದು ನೋಡಿ; ಸಾಲದ ಮಾಹಿತಿ ದಾಖಲಿಸುವ, ಸಿಬಿಲ್ ಸೇರಿದಂತೆ ನಾಲ್ಕೂ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಅದು ಉಚಿತವಾಗಿ ಸಿಗುತ್ತದೆ. ಆ ಖಾತೆ ಇನ್ನೂ ಚಾಲ್ತಿಯಲ್ಲಿದೆ ಎಂದಿದ್ದರೆ ಬ್ಯಾಂಕಿಗೆ ದೂರು ಕೊಡಿ. 30 ದಿನಗಳಲ್ಲಿ ಸಮರ್ಪಕ ಉತ್ತರ ದೊರೆಯದಿದ್ದರೆ, ಕೈಯಲ್ಲಿರುವ ದೃಢೀಕರಣದ ಪ್ರತಿಯೊಂದಿಗೆ ಗ್ರಾಹಕರ ದೂರು ಪರಿಹರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿಯೇ, ಶುಲ್ಕವಿಲ್ಲದೆ, ದೂರು ಸಲ್ಲಿಸಬಹುದು.