ಕೊಡಗಿನ ಸಮಾರಂಭಗಳಿಗೆ ಗುಲಾಬಿ ಎಸಳು

ಸುಗ್ಗಿಹಬ್ಬವಾದ ಹುತ್ತರಿಗೋ ಮದುವೆಗೋ ತಾಜಾ ಎಸಳು ಬೇಕಾದರೆ, ಇಬ್ಬನಿ ಆರಿದ ಕೂಡಲೇ ಹೂ ಕೊಯ್ದು, ಎಸಳು ಬಿಡಿಸಿ, ಒದ್ದೆ ಮಾಡಿ ಹಿಂಡಿದ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನಲ್ಲಿಡಬೇಕು. ಒಣಗಿಸುವುದೇ ಇಲ್ಲಿ ಕಷ್ಟದ ಕೆಲಸ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ತೇವವಾಗಿರುವುದರಿಂದ ಹರಡಿದ ಎಸಳಿಗೆ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಜನವರಿ, ಫೆಬ್ರವರಿಯ ಒಣಹವೆಯಲ್ಲಿ, ಒಂದರ ಮೇಲೊಂದು ಬೀಳದಂತೆ ಬಟ್ಟೆಯ ಮೇಲೆ ಹರಡಿ, ಬಣ್ಣ ತಿನ್ನುವ ಬಿಸಿಲು ತಾಗಿಸದೆ, ಮುಟ್ಟಿದರೆ ಗರಿಗರಿಯಾಗಿ ಮುರಿಯುವವರೆಗೆ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿ ಕತ್ತಲಲ್ಲಿಡುವುದು ಲೇಸು. ಅಗಲ ಬಾಯಿಯ ಪಾತ್ರೆಯಾದ ಉರುಳಿಯ ನೀರಿಗೆ ತಾಜಾ ಎಸಳೇ ಚೆಂದ. ವಧೂವರರ ಮೇಲೆ ಎರಚಲು ಮಾತ್ರ ನಾನು ಒಣಗಿದ್ದನ್ನೇ ಆರಿಸುತ್ತೇನೆ, ಏಕೆಂದರೆ ಜಜ್ಜಿದ ತಾಜಾ ಎಸಳು ನೆಲವನ್ನು ಜಾರಿಸುವುದಲ್ಲದೆ ಮದುಮಗ ತೊಡುವ ಬಿಳಿ ನಿಲುವಂಗಿ ಕುಪ್ಯಕ್ಕೂ ಕಲೆ ಮಾಡೀತು. ಪಾಯಸಕ್ಕಾದರೆ ಔಷಧ ಸಿಂಪಡಿಸಿದ ಅಂಗಡಿಯ ಹೂ ಬೇಡ, ಹಿತ್ತಲಿನ ಪನ್ನೀರು ಗುಲಾಬಿಯೇ ಇರಲಿ.