ಮುಚ್ಚದ ಡಕ್ಟಸ್‌ಗೆ ಔಷಧಿ: ನಾನು ಯಾವಾಗ ಕೊಡುತ್ತೇನೆ, ಯಾವಾಗ ಕಾಯುತ್ತೇನೆ

ಅವಧಿಗೆ ಮುನ್ನ ಹುಟ್ಟಿದ ಮಗುವಿನ ಹೃದಯದ ತೊಂದರೆಗೆ ಪ್ಯಾರಾಸಿಟಮಾಲ್ ಬರೆದಾಗ ತಾಯಂದಿರು ನನ್ನ ಮುಖ ನೋಡುತ್ತಾರೆ. "ಮಗುವಿಗೆ ಜ್ವರವೇ ಇಲ್ಲವಲ್ಲ ಡಾಕ್ಟರೇ?" ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ.

ಗರ್ಭದಲ್ಲಿ ಶ್ವಾಸಕೋಶಕ್ಕೆ ಕೆಲಸವಿಲ್ಲ. ಅಲ್ಲಿಗೆ ಹೋಗಬೇಕಾದ ರಕ್ತದ ಬಹುಪಾಲು ಡಕ್ಟಸ್ ಆರ್ಟೀರಿಯೋಸಸ್ ಎಂಬ ಅಡ್ಡನಾಳದ ಮೂಲಕ ಮಹಾಪಧಮನಿಗೆ ಸೇರುತ್ತದೆ. ಈ ನಾಳವನ್ನು ತೆರೆದಿಡುವುದರಲ್ಲಿ ದೇಹವೇ ತಯಾರಿಸುವ ರಾಸಾಯನಿಕವಾದ ಪ್ರೊಸ್ಟಾಗ್ಲಾಂಡಿನ್‌ನ ಪಾತ್ರ ದೊಡ್ಡದು. ತಿಂಗಳು ತುಂಬಿದ ಮಗುವಿನಲ್ಲಿ ಅದು ಸಾಮಾನ್ಯವಾಗಿ ಮೂರು ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. 28 ವಾರಗಳಿಗೂ ಮೊದಲೇ ಹುಟ್ಟಿದವರಲ್ಲಿ ಅನೇಕ ಬಾರಿ ತೆರೆದೇ ಉಳಿಯುತ್ತದೆ. ಆಗ ರಕ್ತ ಮಹಾಪಧಮನಿಯಿಂದ ಶ್ವಾಸಕೋಶದ ಕಡೆಗೆ ತಿರುಗಿ ನುಗ್ಗುತ್ತದೆ. ಕರುಳಿಗೂ ಮೂತ್ರಪಿಂಡಕ್ಕೂ ಕೊರತೆ ಬೀಳುತ್ತದೆ. ಇಂಡೊಮೆಥಸಿನ್, ಐಬುಪ್ರೊಫೇನ್, ಪ್ಯಾರಾಸಿಟಮಾಲ್ ಈ ಮೂರೂ ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನೇ ತಗ್ಗಿಸುತ್ತವೆ.

1976ರಲ್ಲಿ ಇಂಡೊಮೆಥಸಿನ್‌ನ ಮೊದಲ ವರದಿಗಳು ಬಂದ ಮೇಲೆ ಡಕ್ಟಸ್ ಕಂಡರೆ ಮುಚ್ಚಿಸುವುದೇ ಬಹುಕಾಲ ರೂಢಿಯಾಗಿತ್ತು. ನಾನು ಕಲಿತದ್ದೂ ಹಾಗೆಯೇ. ಆದರೆ 2023ರ ಬೆನಡಕ್ಟಸ್ ಅಧ್ಯಯನದಲ್ಲಿ ಕಾದು ನೋಡಿದ ಮಕ್ಕಳ ಸ್ಥಿತಿ ಬೇಗನೆ ಐಬುಪ್ರೊಫೇನ್ ಪಡೆದವರಿಗಿಂತ ಕೆಟ್ಟದಾಗಿರಲಿಲ್ಲ. 2024ರ ಬೇಬಿ ಆಸ್ಕರ್ ಅಧ್ಯಯನದಲ್ಲೂ ಬೇಗ ಕೊಟ್ಟ ಐಬುಪ್ರೊಫೇನ್‌ನಿಂದ ಸಾವು ಅಥವಾ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಕಡಿಮೆಯಾಗಲಿಲ್ಲ. ಹಾಗಾಗಿ ಈಗ ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯೊಂದನ್ನೇ ನಂಬಿ ನಾನು ಔಷಧಿ ಬರೆಯುವುದಿಲ್ಲ.

ಮೊದಲು ಮಗುವಿನ ಅಂಗೈಗೆ ಬೆರಳ ತುದಿ ಇಡುತ್ತೇನೆ. ಇಷ್ಟು ಚಿಕ್ಕ ಕೈಯಲ್ಲಿ ನಾಡಿ ತಟ್ಟಬಾರದು. ತಟ್ಟಿದರೆ ಡಕ್ಟಸ್ ದೊಡ್ಡದಿದೆ ಎಂಬ ಗುಮಾನಿ ಬಲವಾಗುತ್ತದೆ. ಎದೆಯ ಎಡಭಾಗ ಎದ್ದು ಬೀಳುತ್ತಿದೆಯೇ, ಕೆಳ ರಕ್ತದೊತ್ತಡ ಕುಸಿದಿದೆಯೇ, ವೆಂಟಿಲೇಟರ್‌ನ ಒತ್ತಡ ಏರಿಸಬೇಕಾಗುತ್ತಿದೆಯೇ ಎಂದು ನೋಡುತ್ತೇನೆ. ಬಳಿಕವೇ ಎಕೋ: ನಾಳ 1.5 ಮಿಲಿಮೀಟರ್‌ಗಿಂತ ಅಗಲವಿದೆಯೇ, ಎಡ ಹೃತ್ಕರ್ಣ ಹಿಗ್ಗಿದೆಯೇ, ಕೆಳಕ್ಕೆ ಇಳಿಯುವ ಮಹಾಪಧಮನಿಯಲ್ಲಿ ರಕ್ತ ಹಿಂದಕ್ಕೆ ಹರಿಯುತ್ತಿದೆಯೇ? ಡಕ್ಟಸ್ ಅನ್ನೇ ನೆಚ್ಚಿಕೊಂಡ ಬೇರೆ ಹೃದಯದೋಷ ಇಲ್ಲವೆಂಬುದೂ ಇಲ್ಲೇ ಖಚಿತವಾಗಬೇಕು. ಅಂಥ ಮಗುವಿನ ಡಕ್ಟಸ್ ಮುಚ್ಚಿದರೆ ಜೀವಕ್ಕೇ ಅಪಾಯ.

ಕೊಡಲು ನಿಶ್ಚಯಿಸಿದರೆ ಐಬುಪ್ರೊಫೇನ್ ಪ್ರಮಾಣ ಕಿಲೋ ತೂಕಕ್ಕೆ ಮೊದಲು 10 ಮಿಲಿಗ್ರಾಂ, ಬಳಿಕ 24 ಗಂಟೆಗಳ ಅಂತರದಲ್ಲಿ 5, ಮತ್ತೆ 5. ಮೂತ್ರ ಕಡಿಮೆಯಿದ್ದರೆ, ರಕ್ತಸ್ರಾವವಿದ್ದರೆ, ಪ್ಲೇಟ್‌ಲೆಟ್ ತೀರಾ ಇಳಿದಿದ್ದರೆ, ಕರುಳಿನ ಸೋಂಕಿನ ಶಂಕೆಯಿದ್ದರೆ ಅದನ್ನು ಮುಟ್ಟುವುದಿಲ್ಲ. ಕಾಮಾಲೆ ಹೆಚ್ಚಿರುವಾಗಲೂ ಹಿಂಜರಿಯುತ್ತೇನೆ, ಏಕೆಂದರೆ ಐಬುಪ್ರೊಫೇನ್ ರಕ್ತದ ಪ್ರೋಟೀನಾದ ಅಲ್ಬುಮಿನ್‌ಗೆ ಅಂಟಿದ ಬಿಲಿರುಬಿನ್ ಎಂಬ ಕಾಮಾಲೆಯ ಹಳದಿ ವಸ್ತುವನ್ನು ಬಿಡಿಸಬಲ್ಲದು. 2011ರಿಂದ ಬಳಕೆಗೆ ಬಂದ ಪ್ಯಾರಾಸಿಟಮಾಲ್ ಇಂತಹ ಮಕ್ಕಳಿಗೆ ದಾರಿಯಾಯಿತು: ಕಿಲೋಗೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ಸಾಮಾನ್ಯವಾಗಿ ಮೂರು ದಿನ, ಯಕೃತ್ತಿನ ಪರೀಕ್ಷೆಯ ಮೇಲೆ ಕಣ್ಣಿಟ್ಟು.

900 ಗ್ರಾಂ ಮಗುವಿಗೆ ಅದು 13.5 ಮಿಲಿಗ್ರಾಂ, ಮಿಲಿಲೀಟರಿಗೆ 10 ಮಿಲಿಗ್ರಾಂ ಇರುವ ದ್ರಾವಣದಲ್ಲಿ 1.35 ಮಿಲಿಲೀಟರ್. ದಶಾಂಶ ಬಿಂದು ಒಂದು ಮನೆ ಜರುಗಿದರೆ ಹತ್ತು ಪಟ್ಟು ಔಷಧಿ ಹೋಗುತ್ತದೆ. ಅದಕ್ಕೇ ಲೆಕ್ಕವನ್ನು ನಾನೊಮ್ಮೆ, ದಾದಿಯೊಮ್ಮೆ ಬೇರೆಬೇರೆಯಾಗಿ ಮಾಡುತ್ತೇವೆ. ಎರಡೂ ತಾಳೆಯಾಗುವವರೆಗೆ ಪಂಪಿಗೆ ಸಿರಿಂಜ್ ಏರುವುದಿಲ್ಲ.

ಐಬುಪ್ರೊಫೇನ್ ಶುರುವಾದ ಮೇಲೆ ಡಯಾಪರ್‌ನ ತೂಕವೇ ನನಗೆ ಮುಖ್ಯ ವರದಿ. ಒಂದು ಗ್ರಾಂ ಹೆಚ್ಚಳವೆಂದರೆ ಸುಮಾರು ಒಂದು ಮಿಲಿಲೀಟರ್ ಮೂತ್ರ. ಗಂಟೆಗೆ ಕಿಲೋಗೆ 0.6 ಮಿಲಿಲೀಟರ್‌ಗಿಂತ ಇಳಿದರೆ ಮುಂದಿನ ಡೋಸ್ ತಡೆಯುತ್ತೇನೆ. ಇಂಡೊಮೆಥಸಿನ್ ಅನ್ನು ಸ್ಟಿರಾಯ್ಡ್ ಜೊತೆಗೆ ಕೊಡುವುದಿಲ್ಲ. ಕರುಳು ತೂತಾಗುವ ಭಯ.

ಔಷಧಿಯ ಎರಡನೆಯ ಸುತ್ತಿನಲ್ಲೂ ನಾಳ ಮುಚ್ಚದಿದ್ದರೆ, ಮಗು ವೆಂಟಿಲೇಟರ್ ಬಿಡಲಾಗದೆ ಒದ್ದಾಡುತ್ತಿದ್ದರೆ, ಕ್ಯಾಥೆಟರ್ ಅಥವಾ ಶಸ್ತ್ರಚಿಕಿತ್ಸೆಯ ಬಗ್ಗೆ ಹೃದಯತಜ್ಞರ ಜೊತೆ ಕೂರುತ್ತೇನೆ. ಉಸಿರಾಟ ಸುಧಾರಿಸಿ, ಹಾಲು ಜೀರ್ಣಿಸಿಕೊಂಡು, ತೂಕ ಏರುತ್ತಿರುವ ಮಗುವನ್ನು ಸಣ್ಣ ಡಕ್ಟಸ್ ಇದ್ದಂತೆಯೇ ಮನೆಗೆ ಕಳಿಸುತ್ತೇನೆ, ಮುಂದಿನ ಎಕೋ ದಿನಾಂಕವನ್ನು ಬಿಡುಗಡೆ ಪತ್ರದಲ್ಲಿ ಬರೆದು.