ಮೊದಲ ಮಹಾಯುದ್ಧದಲ್ಲಿ ಮಡಿದ ಹಿರಿಯರ ಜಾಡು: ಹೆಸರಿಗಿಂತ ನಂಬರೇ ಗಟ್ಟಿ

ಯುದ್ಧಕ್ಕೆ ಹೋಗಿ ತಿರುಗಿ ಬಾರದ ಹಿರಿಯರನ್ನು ಹುಡುಕಲು ಕೂತವರು ಮೊದಲು ಅವರ ಹೆಸರನ್ನೇ ಕಂಪ್ಯೂಟರಿಗೆ ಹಾಕುತ್ತಾರೆ. ನಾನು ಮಾಡಿದ್ದೂ ಅದನ್ನೇ. ಅದರಿಂದ ಏನೂ ಸಿಗುವುದಿಲ್ಲ, ಇಲ್ಲವೇ ಒಂದೇ ಹೆಸರಿನ ನಲವತ್ತು ಮಂದಿ ಸಿಗುತ್ತಾರೆ. ಭಾರತೀಯ ಸಿಪಾಯಿಯ ಮಟ್ಟಿಗೆ ಹೆಸರಿನಷ್ಟು ಸಡಿಲವಾದ ಗುರುತು ಇನ್ನೊಂದಿಲ್ಲ. ಪಲ್ಟನ್, ಸೇವಾ ನಂಬರು, ಸತ್ತ ತಾರೀಖು ಈ ಮೂರರಲ್ಲಿ ಎರಡು ಕೈಗೆ ಬಂದರೆ ಹೆಸರು ತಾನಾಗಿ ಬರುತ್ತದೆ. ನಮ್ಮ ಮನೆಯವರು ಬೆಳಗಾವಿ ಸೀಮೆಯಿಂದ ಮರಾಠಾ ಪಲ್ಟನ್ ಸೇರಿ ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ, ಹೋದವರು. ಹಾಗಾಗಿ ಇಲ್ಲಿರುವುದು ಹೆಚ್ಚಾಗಿ ಆ ದಾರಿ. ಮೈಸೂರು ಲ್ಯಾನ್ಸರ್ಸ್ (ಕುದುರೆ ಪಡೆ), ಮದ್ರಾಸ್ ಸ್ಯಾಪರ್ಸ್ (ಸೈನ್ಯದ ಇಂಜಿನಿಯರ್ ದಳ) ಕಡೆಯವರಿಗೆ ಎಲ್ಲಿ ದಾರಿ ಬದಲಾಗುತ್ತದೆ ಎಂಬುದನ್ನೂ ಹೇಳಿದ್ದೇನೆ.

ಶುರು ಮಾಡಬೇಕಾದದ್ದು ಟ್ರಂಕಿನಿಂದ. ಹಳ್ಳಿಯಲ್ಲಿ ಬಿಲ್ಲೆ ಅನ್ನುವ ಪದಕ ಇದ್ದರೆ ಮುಖ ನೋಡಬೇಡಿ, ಅಂಚು ನೋಡಿ. ಬ್ರಿಟಿಷ್ ವಾರ್ ಮೆಡಲ್ (ಬೆಳ್ಳಿಯದು, ಒಂದು ಬದಿ ರಾಜನ ತಲೆ, ಇನ್ನೊಂದು ಬದಿ ಕುದುರೆ ಸವಾರ), ವಿಕ್ಟರಿ ಮೆಡಲ್ (ಹಳದಿ ಕಂಚು, ರೆಕ್ಕೆಯ ದೇವತೆ, ಕಾಮನಬಿಲ್ಲಿನ ಬಣ್ಣದ ರಿಬ್ಬನ್) ಇವೆರಡರ ದಪ್ಪ ಅಂಚಿನ ಮೇಲೆ ನಂಬರು, ಹುದ್ದೆ, ಹೆಸರು, ಪಲ್ಟನ್ ಇದೇ ಸಾಲಿನಲ್ಲಿ ಕೊರೆದಿರುತ್ತದೆ. 1914–15ರ ಸ್ಟಾರ್ ಆದರೆ ಹಿಂಬದಿಯ ಸಪಾಟು ಭಾಗದಲ್ಲಿ. ವಾರ್ ಮೆಡಲ್ ಬೆಳ್ಳಿಯ ಬದಲು ಕಂಚಿನದಾಗಿದ್ದರೆ ಅವರು ಬಂದೂಕು ಹಿಡಿದವರಲ್ಲ, ಕೂಲಿ ದಳದಂಥ ಕಡೆ ದುಡಿದ ‘ಫಾಲೋವರ್’. ಅವರ ದಾಖಲೆಯ ದಾರಿಯೇ ಬೇರೆ. ಬೆಳ್ಳಿಯ ಬಿಲ್ಲೆ ಬರಗಾಲದಲ್ಲಿ ಅಕ್ಕಸಾಲಿಗನ ಕುಲುಮೆ ಸೇರಿ, ಕಂಚಿನ ವಿಕ್ಟರಿ ಮೆಡಲ್ ಮಾತ್ರ ಉಳಿದಿರುವುದು ಎಷ್ಟೋ ಮನೆಗಳ ಕತೆ. ಅಂಗೈಗಿಂತ ದೊಡ್ಡದಾದ, 12 ಸೆಂಟಿಮೀಟರ್ ಅಗಲದ ದುಂಡನೆಯ ಕಂಚಿನ ಫಲಕ ಇದ್ದರೆ ಅವರು ಯುದ್ಧದಲ್ಲಿ ತೀರಿಕೊಂಡದ್ದು ಖಚಿತ. ಆದರೆ ಅದರಲ್ಲಿ ಇರುವುದು ಬರೀ ಹೆಸರು. ನಂಬರಾಗಲಿ ಪಲ್ಟನ್ ಆಗಲಿ ಇರುವುದಿಲ್ಲ.

ಅಂಚಿನ ಅಕ್ಷರ ಮಸುಕಾಗಿದೆ ಎಂದು ಹುಣಸೆಹಣ್ಣು, ಬ್ರಾಸೋ ಹಾಕಿ ತಿಕ್ಕಬೇಡಿ. ಅಕ್ಷರದ ಆಳವೇ ಕೂದಲೆಳೆಯಷ್ಟು. ಒಮ್ಮೆ ಸವೆದರೆ ಮುಗಿಯಿತು. ತೆಳು ಕಾಗದ ಸುತ್ತಿ ಮೆತ್ತನೆಯ ಪೆನ್ಸಿಲ್ ಓರೆಯಾಗಿ ಉಜ್ಜಿದರೆ ಅಚ್ಚು ಬರುತ್ತದೆ. ಇಲ್ಲವೇ ಕತ್ತಲ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಹಾಯಿಸಿ, ಬಿಲ್ಲೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಎಂಟು ಹತ್ತು ಫೋಟೊ ತೆಗೆಯಿರಿ. 3 ಮತ್ತು 8, 1 ಮತ್ತು 7 ಗೊಂದಲ ಮಾಡುತ್ತವೆ. ಅನುಮಾನವಿರುವ ಅಂಕಿಗಳ ಎರಡೂ ರೂಪ ಬರೆದಿಟ್ಟುಕೊಳ್ಳಿ.

ಇಲ್ಲೊಂದು ಎಚ್ಚರಿಕೆ. ಆ ಕಾಲದಲ್ಲಿ ನಂಬರು ಇಡೀ ಸೈನ್ಯಕ್ಕೆ ಒಂದೇ ಸಾಲಾಗಿರಲಿಲ್ಲ, ಪಲ್ಟನ್ನಿಗೊಂದು ಸಾಲಿತ್ತು. 110ನೇ ಮರಾಠಾದಲ್ಲೂ 117ನೇ ಮರಾಠಾದಲ್ಲೂ 2345 ನಂಬರಿನ ಸಿಪಾಯಿ ಇರಬಹುದು. ಪಲ್ಟನ್ ಬದಲಾದರೆ ನಂಬರೂ ಬದಲಾಗುತ್ತಿತ್ತು. ಆದ್ದರಿಂದ ಪಲ್ಟನ್ ಇಲ್ಲದ ನಂಬರು ಅರ್ಧ ವಿಳಾಸ.

ಪಲ್ಟನ್ ಹೆಸರಿನಲ್ಲೂ ಒಂದು ಕುಳಿ ಇದೆ. ‘ಮುತ್ಯಾ ಮೂರನೇ ಮರಾಠಾದಾಗ ಇದ್ದ’ ಎಂದು ಮನೆಯಲ್ಲಿ ಹೇಳಿದರೆ ಅದು 1922ರ ನಂತರದ ಹೆಸರು. ಆ ವರ್ಷ ಸೈನ್ಯವನ್ನು ಮತ್ತೆ ಕಟ್ಟಿದಾಗ 103ನೇದು 5ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ ಒಂದನೇ ಬೆಟಾಲಿಯನ್ ಆಯಿತು. 105 ಎರಡನೇದು, 110 ಮೂರನೇದು, 116 ನಾಲ್ಕನೇದು, 117 ಐದನೇದು, 114 ಹತ್ತನೇದು. ಯುದ್ಧಕಾಲದ ಕಾಗದಗಳಲ್ಲಿ ಹಳೆಯ ನಂಬರೇ ಇರುವುದು. ಸ್ಯಾಪರ್ಸ್‌ನಲ್ಲೂ ಹೀಗೆಯೇ. ಇಂದು ಬೆಂಗಳೂರಿನಲ್ಲಿ ಎಂ.ಇ.ಜಿ. (ಮದ್ರಾಸ್ ಇಂಜಿನಿಯರ್ ಗ್ರೂಪ್) ಎಂದು ಕರೆಯುವ ದಳ ಆಗ ‘2ನೇ ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಆ್ಯಂಡ್ ಮೈನರ್ಸ್’. ಕಂಪನಿ ನಂಬರು ಬೆಂಗಾಲ್‌ನವರಿಗೆ 1ರಿಂದ, ಮದ್ರಾಸ್‌ನವರಿಗೆ 9ರಿಂದ, ಬಾಂಬೆಯವರಿಗೆ 17ರಿಂದ ಶುರುವಾಗುತ್ತಿತ್ತು. ಕಂಪನಿ ನಂಬರೊಂದೇ ಸಿಕ್ಕರೂ ಯಾವ ದಳ ಎಂದು ಗೊತ್ತಾಗುತ್ತದೆ.

ಬಿಲ್ಲೆ, ಫಲಕ ಯಾವುದೂ ಇಲ್ಲದ ಮನೆಯಲ್ಲಿ ತಾರೀಖಿನಿಂದ ಹೋಗಬೇಕು, ಆ ತಾರೀಖು ಶ್ರಾದ್ಧದಲ್ಲಿ ಇರುತ್ತದೆ. ತಿಥಿ, ಮಾಸ, ಸಂವತ್ಸರ ಮೂರೂ ಯಾರಿಗಾದರೂ ನೆನಪಿದ್ದರೆ ಹಳೆಯ ಪಂಚಾಂಗದಿಂದ ಇಂಗ್ಲಿಷ್ ತಾರೀಖು ತೆಗೆಯಬಹುದು. ಸಂವತ್ಸರ ಯುಗಾದಿಯಿಂದ ಯುಗಾದಿಗೆ: ಆನಂದ 1914–15, ರಾಕ್ಷಸ 1915–16, ನಳ 1916–17, ಪಿಂಗಳ 1917–18, ಕಾಳಯುಕ್ತಿ 1918–19. ಆದರೆ ನೆನಪಿನ ತಿಥಿ ಬಹುಪಾಲು ಸತ್ತ ದಿನದ್ದಲ್ಲ, ಸುದ್ದಿ ಮುಟ್ಟಿದ ದಿನದ್ದು. ಯುದ್ಧಭೂಮಿಯಿಂದ ಪಲ್ಟನ್ನಿನ ಭಾರತದ ನೆಲೆಯಾದ ಡಿಪೊ, ಡಿಪೊದಿಂದ ಹಳ್ಳಿ ಎಂದು ಸುದ್ದಿ ತಲುಪಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತಿದ್ದವು. ಆದ್ದರಿಂದ ಆ ದಿನದಿಂದ ಹಿಂದಕ್ಕೆ ಆರು ತಿಂಗಳ ಕಿಟಕಿ ಇಟ್ಟು ಹುಡುಕಿ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತಾರೆ ಅಂದರೆ ತಿಥಿ ಅವರಿಗೂ ಗೊತ್ತಿರಲಿಲ್ಲ ಎಂದೇ ಲೆಕ್ಕ. ಬೆಳಗಾವಿ ಕಡೆಯ ಹಳೆಯ ಕಾಗದ ಮೋಡಿ ಲಿಪಿಯಲ್ಲಿ (ಮರಾಠಿಯ ಹಳೆಯ ಕೂಡುಬರಹ) ಇರಬಹುದು. ಓದಲಾಗದ ಗೀಚು ಎಂದು ರದ್ದಿಗೆ ಹಾಕುವ ಮುನ್ನ ಮೋಡಿ ಬಲ್ಲವರಿಗೆ ತೋರಿಸಿ.

ಇನ್ನು ಮುಖ್ಯ ಕಣಜ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಯುದ್ಧದಲ್ಲಿ ಮಡಿದವರ ಗೋರಿ, ಸ್ಮಾರಕ ನೋಡಿಕೊಳ್ಳಲು 1917ರಲ್ಲಿ ಶುರುವಾದ ಸಂಸ್ಥೆ. ಅದರ ಜಾಲತಾಣದ ಪಟ್ಟಿ ಉಚಿತ. ಮೊದಲ ಯುದ್ಧಕ್ಕೆ 4 ಆಗಸ್ಟ್ 1914ರಿಂದ 31 ಆಗಸ್ಟ್ 1921ರವರೆಗೆ, ಎರಡನೆಯದಕ್ಕೆ 3 ಸೆಪ್ಟೆಂಬರ್ 1939ರಿಂದ 31 ಡಿಸೆಂಬರ್ 1947ರವರೆಗೆ ಸೇವೆಯಲ್ಲಿದ್ದಾಗ ತೀರಿಕೊಂಡವರು ಅದರಲ್ಲಿದ್ದಾರೆ. ಗುಂಡಿಗೆ ಸತ್ತವರಷ್ಟೇ ಅಲ್ಲ, ಕಾಲರಾ, ವಿಷಮಜ್ವರದಿಂದ ಸತ್ತವರೂ ಇದ್ದಾರೆ. 1919ರಲ್ಲಿ ಸತ್ತರಂತೆ, ಯುದ್ಧ ಮುಗಿದಿತ್ತಲ್ಲ ಎಂದು ಹುಡುಕದೆ ಬಿಡಬೇಡಿ.

ನಾನು ಪಟ್ಟಿ ಬಳಸಿದ ಕ್ರಮ ಹೀಗೆ. ಹೆಸರಿನ ಜಾಗ ಖಾಲಿ ಬಿಟ್ಟೆ. ಸೇವೆಯ ದೇಶ ಭಾರತ, ಪಲ್ಟನ್ ಹೆಸರು, ತಾರೀಖಿನ ಕಿಟಕಿ ಇಷ್ಟನ್ನೇ ಹಾಕಿದೆ. ಬಂದ ಫಲಿತಾಂಶವನ್ನು ಎಕ್ಸೆಲ್ ಹಾಳೆಯಾಗಿ ಇಳಿಸಿಕೊಂಡು ನಂಬರಿನ ಪ್ರಕಾರ ಜೋಡಿಸಿದೆ. ನಂಬರು ಇದ್ದವರಿಗೆ ಕೆಲಸ ಅಲ್ಲಿಗೇ ಮುಗಿಯುತ್ತದೆ. ಇಲ್ಲದವರು ಹಾಳೆಯ ‘ಹೆಚ್ಚಿನ ಮಾಹಿತಿ’ ಕಾಲಂ ಓದಬೇಕು. ಇಂಥವರ ಮಗ, ಇಂಥ ಊರು, ತಾಲೂಕು, ಜಿಲ್ಲೆ ಎಂದು ಅಲ್ಲಿರುತ್ತದೆ. ಹೆಸರಿನ ಕಾಗುಣಿತವನ್ನು ಕಣ್ಣಿನಿಂದ ನೋಡಬೇಡಿ, ಬಾಯಿಬಿಟ್ಟು ಓದಿ. ಬರೆದುಕೊಂಡ ಗುಮಾಸ್ತನಿಗೆ ಕನ್ನಡ ಬರುತ್ತಿರಲಿಲ್ಲ. ಯಲ್ಲಪ್ಪ ಎಂಬುದು ವೈ, ಇ, ಎ ಮೂರು ಅಕ್ಷರಗಳಲ್ಲಿ ಯಾವುದರಿಂದಲೂ ಶುರುವಾಗಬಹುದು. ಒಂದೇ ಹೆಸರಿನವರಾದರೆ ಅದನ್ನು ಅಡ್ಡಹೆಸರಿನ ಜಾಗದಲ್ಲಿ ಹಾಕಿರುತ್ತಾರೆ. ಅಡ್ಡಹೆಸರು ಇದ್ದವರದ್ದು ತಿರುವುಮುರುವಾಗಿರುವುದೂ ಉಂಟು.

ಊರನ್ನು ಅಂದಿನ ನಕ್ಷೆಯಲ್ಲಿ ನೋಡಬೇಕು. ಬೆಳಗಾವಿ, ಧಾರವಾಡ, ವಿಜಯಪುರ ಬಾಂಬೆ ಪ್ರಾಂತ್ಯ. ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸ್. ಕಲಬುರಗಿ, ಬೀದರ, ರಾಯಚೂರು ಹೈದರಾಬಾದ್. ಹೊಸೂರಿನವರು ಸೇಲಂ ಜಿಲ್ಲೆಯ ಕೆಳಗೆ ಸಿಗುತ್ತಾರೆ. ಬೆಂಗಳೂರಿನ ದಂಡುಪ್ರದೇಶ 1947ರವರೆಗೆ ಬ್ರಿಟಿಷರ ಸಿವಿಲ್ ಆ್ಯಂಡ್ ಮಿಲಿಟರಿ ಸ್ಟೇಷನ್ ಆಗಿತ್ತು, ಅಲ್ಲಿನವರನ್ನು ಮೈಸೂರು ಎಂದು ಹುಡುಕಿ ಕೂತರೆ ಸಿಗುವುದಿಲ್ಲ.

ದಾಖಲೆ ಸಿಕ್ಕಿತು, ‘ಬಸ್ರಾ ಮೆಮೋರಿಯಲ್’ ಎಂದಿದೆ ಅಂದುಕೊಳ್ಳಿ. ಅದು ಸಮಾಧಿಯಲ್ಲ. ಗೋರಿಯ ಗುರುತಿಲ್ಲದ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಯ ಸ್ಮಾರಕ. ಕಲ್ಲಿನ ಮೇಲೆ ಮುತ್ತಜ್ಜನ ಹೆಸರಿನ ಫೋಟೊ ಬೇಕೆಂದು ಹಟ ಹಿಡಿಯಬೇಡಿ. ಭಾರತೀಯ ಸಾಮಾನ್ಯ ಸಿಪಾಯಿಗಳ ಹೆಸರನ್ನು ಅಲ್ಲಿ ಕೆತ್ತಲೇ ಇಲ್ಲ. ಪಲ್ಟನ್ನಿನ ಹೆಸರಿನ ಕೆಳಗೆ ಸತ್ತವರ ಸಂಖ್ಯೆಯಷ್ಟೇ ಇದೆ. ಬ್ರಿಟಿಷ್ ಸೈನಿಕನಿಗೆ ಹೆಸರು, ನಮ್ಮವರಿಗೆ ಲೆಕ್ಕ. ಇಂಥ ಅಸಮಾನತೆಗಳನ್ನು ಕಮಿಷನ್ನೇ 2021ರ ವರದಿಯಲ್ಲಿ ಒಪ್ಪಿಕೊಂಡಿದೆ. ಸ್ಮಾರಕವೂ ಮೂಲ ಜಾಗದಲ್ಲಿಲ್ಲ. 1997ರಲ್ಲಿ ಅದನ್ನು ಬಿಚ್ಚಿ ನಾಸಿರಿಯಾ ರಸ್ತೆಯ ಬದಿಗೆ ಸಾಗಿಸಿದರು. ಇರಾಕಿನದೇ ಇನ್ನೊಂದು ಊರು ಅಮಾರಾದಲ್ಲಿ ಮಣ್ಣಿನ ಉಪ್ಪು ಕಲ್ಲು ತಿನ್ನುತ್ತಿದೆ ಎಂದು 1933ರಲ್ಲಿ ಗೋರಿಗಲ್ಲುಗಳನ್ನೇ ಕಿತ್ತು, ಹೆಸರುಗಳನ್ನು ಗೋಡೆಗೆ ಸೇರಿಸಿದರು. ಅಲ್ಲಿನ ಟೈಗ್ರಿಸ್ ನದಿಯ ಎಡದಂಡೆಯ ಭಾರತೀಯ ಸ್ಮಶಾನದಲ್ಲಿ ಸುಮಾರು 5,000 ಮಂದಿ ಇದ್ದಾರೆ, ಗುರುತು ಸಿಕ್ಕವರು ಒಂಬತ್ತು ಜನ.

ಇಷ್ಟು ಆದ ಮೇಲೆ ಇರುವುದು ಸಾವಿನ ವಿವರ, ಬದುಕಿನದ್ದಲ್ಲ. ಅವರು ಕೊನೆಯ ವರ್ಷ ಹೇಗೆ ಕಳೆದರು ಎಂಬುದು ಪಲ್ಟನ್ನಿನ ದಿನದಿನದ ಲೆಕ್ಕವಾದ ‘ವಾರ್ ಡೈರಿ’ಯಲ್ಲಿದೆ. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂ.ಓ. 95 ಎಂಬ ಸಾಲಿನಲ್ಲಿ ಮೊದಲ ಯುದ್ಧದ ಡೈರಿಗಳಿವೆ, ಮೆಸೊಪೊಟೇಮಿಯಾದವು ಸ್ಕ್ಯಾನ್ ಆಗಿವೆ. ನಮ್ಮ ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ್ ಪಟಲ್’ ತಾಣದಲ್ಲಿ ನೋಂದಣಿ ಮಾಡಿಕೊಂಡು ಸೈನ್ಯ ಇಲಾಖೆಯ ಕಡತಗಳನ್ನು ಹುಡುಕಬಹುದು. ಡೈರಿಯಲ್ಲಿ ಸಿಪಾಯಿಯ ಹೆಸರು ಬರುವುದು ಅಪರೂಪ. ‘ಐ.ಓ.ಆರ್. 3 ಮೃತ, 11 ಗಾಯ’ ಎಂಬಂತೆ ಇರುತ್ತದೆ. ಐ.ಓ.ಆರ್. ಅಂದರೆ ಭಾರತೀಯ ಸಾಮಾನ್ಯ ಸೈನಿಕರು, ಐ.ಓ. ಭಾರತೀಯ ಅಧಿಕಾರಿ, ಬಿ.ಓ. ಬ್ರಿಟಿಷ್ ಅಧಿಕಾರಿ. ಕಮಿಷನ್ ಪಟ್ಟಿಯಲ್ಲಿ ಅದೇ ದಿನ ಅದೇ ಪಲ್ಟನ್ನಿನ ಮೂವರು ಇದ್ದರೆ ಲೆಕ್ಕ ಕೂಡಿತು, ಆ ಮೂವರಲ್ಲಿ ಒಬ್ಬರು ನಿಮ್ಮವರು. ಕೂಡದಿದ್ದರೆ ಅವರನ್ನು ಬೇರೆ ಪಲ್ಟನ್ನಿಗೆ ಖಾಲಿ ಜಾಗ ತುಂಬಲು ಕಳಿಸಿರಬಹುದು. ಬಿಲ್ಲೆಯ ಮೇಲೆ ತಾಯಿ ಪಲ್ಟನ್ನಿನ ಹೆಸರು, ಸತ್ತದ್ದು ಇನ್ನೊಂದರಲ್ಲಿ. ಪಟ್ಟಿಯಲ್ಲಿ ‘ಅಟ್ಯಾಚ್ಡ್’ ಎಂಬ ಪದ ಕಂಡರೆ ಆ ಎರಡನೇ ಪಲ್ಟನ್ನಿನ ಡೈರಿ ತೆಗೆಯಿರಿ.

103, 110, 117ನೇ ಮರಾಠಾದವರಿಗೆ ತಾರೀಖೇ ಅರ್ಧ ಕತೆ ಹೇಳಿಬಿಡುತ್ತದೆ. ಮೂರೂ 6ನೇ ಪೂನಾ ಡಿವಿಷನ್ನಿನಲ್ಲಿದ್ದವು. 1915ರ ನವೆಂಬರ್ 22ರಿಂದಾಚೆಗಿನ ಕೆಲವು ದಿನಗಳಾದರೆ ಬಾಗ್ದಾದಿನ ಹೊಸ್ತಿಲಿನ ಟೆಸಿಫೋನ್ ಕಾಳಗ. ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ಕುಟ್ ಎಂಬ ಊರಿನ ಮುತ್ತಿಗೆ, ಹಸಿವು. ಏಪ್ರಿಲ್ 29ರ ನಂತರದ ತಾರೀಖಾದರೆ ಅವರು ತುರ್ಕರ ಸೆರೆಯಾಳಾಗಿದ್ದ ಸಾಧ್ಯತೆಯೇ ಹೆಚ್ಚು. ಭಾರತೀಯ ಸಿಪಾಯಿಗಳಲ್ಲಿ ಹೆಚ್ಚಿನವರನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋಗಿ ಇಂದಿನ ಸಿರಿಯಾದ ರಾಸ್ ಅಲ್ ಐನ್ ಬಳಿ ರೈಲುಹಳಿಯ ಕೆಲಸಕ್ಕೆ ಹಚ್ಚಿದರು. ಸೆರೆಯವರ ಸಾವಿನ ದಿನ ಎಷ್ಟೋ ಸಲ ಕಚೇರಿ ಒಪ್ಪಿಕೊಂಡ ದಿನ ಮಾತ್ರ, ಅದನ್ನು ಶ್ರಾದ್ಧದ ತಿಥಿಗೆ ಆಧಾರ ಮಾಡಿಕೊಳ್ಳಬೇಡಿ. ಕುಟ್ ಒಳಗಿನವರೋ, ಬಿಡಿಸಲು ಹೋಗಿ ಹೊರಗೆ ಸತ್ತವರೋ ಎಂಬುದು ಪಲ್ಟನ್ನಿನಿಂದ ಗೊತ್ತಾಗುತ್ತದೆ. ಕುಟ್ ಅಂದಕೂಡಲೇ ಎಲ್ಲರೂ ಮುತ್ತಿಗೆಯೊಳಗಿದ್ದರು ಎಂದು ಮನೆಯವರು ಅಂದುಕೊಳ್ಳುವುದು ಸಾಮಾನ್ಯ.

ಮೈಸೂರು ಲ್ಯಾನ್ಸರ್ಸ್ ಕಡೆಯವರ ದಾರಿ ಬೇರೆ, ಕೊಂಚ ಸುಲಭ ಕೂಡ. ಅದು ಬ್ರಿಟಿಷ್ ಇಂಡಿಯಾದ ಪಲ್ಟನ್ ಅಲ್ಲ, ಮಹಾರಾಜರ ಸಂಸ್ಥಾನದ ಪಡೆ. ಆದ್ದರಿಂದ ನೇಮಕಾತಿ, ಪಿಂಚಣಿ ಕಾಗದಗಳನ್ನು ಮೈಸೂರು ಸರ್ಕಾರದ ಕಡತಗಳಲ್ಲಿ, ಅಂದರೆ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಹುಡುಕಬೇಕು. ಸತ್ತವರ ಸಂಖ್ಯೆ ಚಿಕ್ಕದು, ಇಡೀ ಪಟ್ಟಿಯನ್ನೇ ಓದಿ ಮುಗಿಸಬಹುದು. ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕದಲ್ಲಿ ಹೆಸರುಗಳೇ ಇವೆ. 1918ರ ಸೆಪ್ಟೆಂಬರ್ 23 ಆದರೆ ಹೈಫಾ, ಅಕ್ಟೋಬರ್ 26 ಆದರೆ ಅಲೆಪ್ಪೊ ಹತ್ತಿರದ ಹರಿತಾನ್. ಅದಕ್ಕಿಂತ ಹಿಂದಿನದಾದರೆ ಸೂಯೆಜ್ ಕಾಲುವೆಯ ಕಾವಲು, ಪ್ಯಾಲೆಸ್ಟೈನ್. ಹುದ್ದೆ ಸವಾರ, ದಫೇದಾರ, ರಿಸಾಲ್ದಾರ ಎಂದಿದ್ದರೆ ಕುದುರೆ ಪಡೆ. ನಾಯಕ, ಹವಾಲ್ದಾರ್ ಎಂದಿದ್ದರೆ ಅಲ್ಲ. ಸೂಯೆಜಿನ ಪೋರ್ಟ್ ತೌಫಿಕ್‌ನಲ್ಲಿದ್ದ ಭಾರತೀಯ ಸ್ಮಾರಕ ಇಸ್ರೇಲ್–ಈಜಿಪ್ಟ್ ಕಾದಾಟದಲ್ಲಿ ನಾಶವಾಯಿತು. ಈಗಿನದು ಕೈರೋದ ಹೆಲಿಯೋಪೊಲಿಸ್‌ನಲ್ಲಿದೆ, 1980ರದ್ದು.

ಎರಡನೇ ಯುದ್ಧದವರಿಗೆ ಒಂದೆರಡು ಮಾತು ಸಾಕು. ಪದಕವೇ ರಣರಂಗದ ಹೆಸರು ಹೇಳುತ್ತದೆ: ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್. ಬ್ರಿಟಿಷರಿಗೆ ಕೊಟ್ಟ ಸ್ಟಾರ್‌ಗಳಲ್ಲಿ ಹೆಸರಿಲ್ಲ, ಭಾರತೀಯರಿಗೆ ಕೊಟ್ಟವುಗಳಲ್ಲಿ ಇದೆ, ಹಿಂಬದಿ ನೋಡಿ. ಡೈರಿಗಳು ಬರ್ಮಾಕ್ಕೆ ಡಬ್ಲ್ಯೂ.ಓ. 172, ಉತ್ತರ ಆಫ್ರಿಕಾಕ್ಕೆ 169, ಇಟಲಿಗೆ 170. ಕೊಹಿಮಾ, ಇಂಫಾಲದ ಸ್ಮಶಾನಗಳಲ್ಲಿ ಹಿಂದೂ, ಸಿಖ್ ಸೈನಿಕರ ಗೋರಿ ಹುಡುಕಬೇಡಿ. ದಹನವಾದವರ ಹೆಸರು ಅಲ್ಲಿನ ‘ಕ್ರಿಮೇಷನ್ ಮೆಮೋರಿಯಲ್’ ಎಂಬ ಪ್ರತ್ಯೇಕ ಕಲ್ಲಿನಲ್ಲಿದೆ. ಕೊಹಿಮಾದಲ್ಲಿ ಅಂಥವರು 917 ಮಂದಿ.

ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯುವುದಿದ್ದರೆ ಈ ಎಲ್ಲ ಕೆಲಸ ಮುಗಿದ ಮೇಲೆ ಬರೆಯಿರಿ, ಮೊದಲೇ ಅಲ್ಲ. ‘ನಮ್ಮ ಮುತ್ತಜ್ಜ ಯುದ್ಧದಲ್ಲಿ ಸತ್ತರು, ಮಾಹಿತಿ ಕೊಡಿ’ ಎಂಬ ನನ್ನ ಮೊದಲ ಪತ್ರಕ್ಕೆ ಒಂದು ಕಚೇರಿಯಿಂದ ಉತ್ತರವೇ ಬರಲಿಲ್ಲ. ಅವರ ಹತ್ತಿರ ಅದಕ್ಕೆ ಹುಡುಕುವ ಕೊಂಡಿ ಯಾವುದೂ ಇರಲಿಲ್ಲವಲ್ಲ. ಎರಡನೇ ಪತ್ರ ಅರ್ಧ ಪುಟದ್ದು: ನಂಬರು, ಹುದ್ದೆ, ಅಂದಿನ ಪಲ್ಟನ್ ಮತ್ತು ಅದರ ಇಂದಿನ ಹೆಸರು, ಸತ್ತ ತಾರೀಖು, ತಂದೆಯ ಹೆಸರು, ಅಂದಿನ ಜಿಲ್ಲೆ, ಜೊತೆಗೆ ಬಿಲ್ಲೆಯ ಅಂಚಿನ ಫೋಟೊ. ಕೇಳಿದ್ದು ಒಂದೇ, ಸಿಪಾಯಿಗಳ ಸೇವಾ ವಿವರ ಬರೆದಿಡುವ ಶೀಟ್ ರೋಲ್ ಅಥವಾ ಲಾಂಗ್ ರೋಲಿನ ಆ ಒಂದು ಸಾಲು. ಕಮಿಷನ್ ಪಟ್ಟಿಯಲ್ಲಿ ಊರಿನ ಹೆಸರೋ ತಂದೆಯ ಹೆಸರೋ ತಪ್ಪಿದ್ದರೆ ತಿದ್ದಲು ಬರೆದುಕೊಳ್ಳಬಹುದು. ಮನೆಯವರ ಮಾತು ಮಾತ್ರ ಸಾಲದು, ಆ ಕಾಲದ ಒಂದು ಕಾಗದ ಲಗತ್ತಿಸಬೇಕು. ವಿಧವೆಯ ಪಿಂಚಣಿ ಪುಸ್ತಕ ಇದ್ದರೆ ಅದರ ಮೊದಲ ಪುಟ ಇದಕ್ಕೆ ಒಳ್ಳೆಯ ಪುರಾವೆ: ಗಂಡನ ನಂಬರು, ಪಲ್ಟನ್, ಊರು ಅದೊಂದೇ ಪುಟದಲ್ಲಿ ಸಿಗುವ ಸಾಧ್ಯತೆ ಹೆಚ್ಚು.